ಹೊರಗೆ ಕೂರುವ ಕಾರು

ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ಹೊರಗೆ ಕೂರುವವರು ಇಬ್ಬರು. ಒಬ್ಬಳು ನಾನು, ಇನ್ನೊಂದು ನಮ್ಮ ಕಾರು. ಈ ಮಾತು ನನ್ನದಲ್ಲ, ನಮ್ಮತ್ತೆಯವರದು. ಅವರು ಅದನ್ನು ನಂಬಿ ಹೇಳಿದರೋ ನಗೆಯಾಡಿ ಹೇಳಿದರೋ ಎಂದು ನನಗೆ ಬಹಳ ದಿನ ಗೊತ್ತಾಗಲಿಲ್ಲ. ಗೊತ್ತಾಗುವ ಹೊತ್ತಿಗೆ ನನ್ನ ಅವ್ವನ ಕಣ್ಣು ಆ ಮಾತಿನ ಮೇಲೆ ನಿಂತಿತ್ತು.

ಹೊರಗೆ ಕೂರುವುದೆಂದರೇನು ಎಂದು ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಯ ಹೆಂಗಸರಿಗೆ ಬಿಡಿಸಿ ಹೇಳಬೇಕಿಲ್ಲ. ಮುಟ್ಟಾದ ಮೂರು ದಿನ ನಾನು ಅಡುಗೆಮನೆಗೂ ದೇವರಮನೆಗೂ ಕಾಲಿಡುವಂತಿರಲಿಲ್ಲ. ಮನೆಯ ಪಕ್ಕಕ್ಕೆ ಅಂಟಿಕೊಂಡಿರುವ ಮಗ್ಗದ ಮನೆಯಲ್ಲಿ ನನಗೊಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಅತ್ತೆ ಬಂದು ಸೋಕದ ಹಾಗೆ ಮೇಲಿನಿಂದ ಬಡಿಸಿ ಹೋಗುತ್ತಿದ್ದರು. ಕಾಲೇಜು ಮೆಟ್ಟಿಲು ಹತ್ತಿದವಳು ಇದಕ್ಕೆ ಹೇಗೆ ಒಪ್ಪಿದೆ ಎಂದು ಕೇಳುವವರಿಗೆ ನನ್ನ ಉತ್ತರ ಸಿದ್ಧವಾಗಿದೆ: ಆ ಮೂರು ದಿನ ಚಟ್ನಿ ಅರೆ, ನೀರು ತುಂಬು ಎಂದು ಯಾರೂ ಕೂಗುತ್ತಿರಲಿಲ್ಲ. ಅದು ಅರ್ಧ ನಿಜ. ಮಿಕ್ಕರ್ಧ ಏನೆಂದರೆ, ಬಂದ ಹೊಸದರಲ್ಲಿ ಜಗಳವಾಡಲು ಧೈರ್ಯವಿರಲಿಲ್ಲ, ಧೈರ್ಯ ಬರುವ ಹೊತ್ತಿಗೆ ಅಭ್ಯಾಸವಾಗಿ ಹೋಗಿತ್ತು.

ಕಾರು ಬಂದದ್ದು ಯಳಂದೂರಿನಿಂದ. ನನ್ನ ಯಜಮಾನರು ಅಲ್ಲಿನ ಒಂದು ಕಚೇರಿಯಲ್ಲಿ ಗುಮಾಸ್ತರು. ದಿನಾ ಬಸ್ಸಿನಲ್ಲಿ ನೇತಾಡಿ ಸಾಕಾಗಿ, ಆ ಊರಿನ ನಿವೃತ್ತ ಎಂಜಿನಿಯರೊಬ್ಬರು ಮಾರಲಿಟ್ಟಿದ್ದ ಪುಟ್ಟ ಹೈಬ್ರಿಡ್ ಕಾರನ್ನು ಕೊಂಡರು. ಕೊಂಡ ಮೇಲೆ ಓಡಿಸಲು ಕಲಿತರು. ಬಂಡಳ್ಳಿಯ ಡ್ರೈವಿಂಗ್ ಮೇಷ್ಟ್ರು ಪಕ್ಕದಲ್ಲಿ ಕೂತಿರುವಾಗ ಚೆನ್ನಾಗಿಯೇ ಓಡಿಸಿದವರು, ಒಬ್ಬರೇ ಹೊರಟ ಮೊದಲ ದಿನ ರಸ್ತೆ ಬದಿಯ ಜಲ್ಲಿ ರಾಶಿ ಹತ್ತಿಸಿ, ರಸ್ತೆ ಮಾಡಿಸಿದವರನ್ನು ಬೈದುಕೊಂಡು ಮನೆಗೆ ನಡೆದು ಬಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆ ಕಟ್ಟಿದವನು ಗಂಡಸೇ ಇರಬೇಕು, ಇಲ್ಲದಿದ್ದರೆ ಅದರಲ್ಲಿ ಹೆಂಗಸು ಕುಣಿಯುತ್ತಿರಲಿಲ್ಲ. ಅಂದಿನಿಂದ ಅವರು ಸ್ಟೀರಿಂಗ್ ಮುಟ್ಟಿಲ್ಲ. ಅದೇ ಮೇಷ್ಟ್ರ ಹತ್ತಿರ ನಾನು ಕಲಿತೆ. ಬೆಳಿಗ್ಗೆ ಅವರನ್ನು ಯಳಂದೂರಿಗೆ ಬಿಟ್ಟು ಬರುವುದು, ಸಂಜೆ ಹೋಗಿ ಕರೆತರುವುದು ನನ್ನ ಪಾಲಿನ ಕೆಲಸವಾಯಿತು. ಬೀದಿಯವರು ಮೊದಮೊದಲು ನಕ್ಕರು. ಆಮೇಲೆ ತಮ್ಮ ತಮ್ಮ ಸೀರೆ ಗಂಟುಗಳನ್ನು ದಾರಿಯಲ್ಲಿ ಇಳಿಸಿ ಹೋಗೆಂದು ಕೊಡತೊಡಗಿದರು.

ಈ ಕಾರಿನ ಹೊಟ್ಟೆಯಲ್ಲಿ ಪೆಟ್ರೋಲೂ ಇದೆ, ಕರೆಂಟೂ ಇದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಇಲ್ಲಿ ಮಾತ್ರ ಇಬ್ಬರೂ ಒಂದೇ ಕಡೆಗೆ ಎಳೆಯುತ್ತಾರೆ. ನಮ್ಮ ಮನೆಯಲ್ಲಿ ಅಂಥ ಇನ್ನೊಂದು ಜೋಡಿಯನ್ನು ನಾನು ಕಂಡಿಲ್ಲ. ಹೊರಡುವಾಗ ಸದ್ದೇ ಇರುವುದಿಲ್ಲ. ಮಗ್ಗದ ಸದ್ದಿನಲ್ಲೇ ಕೂದಲು ನೆರೆಸಿಕೊಂಡ ಮಾವನವರಿಗೆ ಅದೇ ದೊಡ್ಡ ಅನುಮಾನ. "ಸದ್ದಿಲ್ದೆ ಕ್ಯಾಮೆ ಮಾಡೋದು ಕಳ್ಳ ಮಾತ್ರ ಕಣವ್ವ" ಎಂದು ಮೊದಲ ದಿನವೇ ಅಂದಿದ್ದರು.

ಆರೈಕೆ ಎಂದರೆ ಅದಕ್ಕೆ ಬೇಕಾದದ್ದು ಸ್ವಲ್ಪವೇ. ಹಿಂದಿನ ಸೀಟಿನ ಪಕ್ಕದಲ್ಲಿ ಜಾಲರಿಯಂಥ ಒಂದು ಕಿಂಡಿ ಇದೆ. ಸೀಟಿನಡಿಯ ದೊಡ್ಡ ಬ್ಯಾಟರಿ ಉಸಿರಾಡುವುದು ಅದರ ಮೂಲಕ. ನೇಕಾರರ ಮನೆಯಲ್ಲಿ ಕಿಂಡಿ ಕಂಡರೆ ಮುಚ್ಚಬೇಕು. ಗಾಳಿ ಬಂದರೆ ಧೂಳು, ಧೂಳು ಬಂದರೆ ಹಾಸು ಹಾಳು. ಹಾಸು ಎಂದರೆ ಮಗ್ಗಕ್ಕೆ ಹೂಡಿದ ಉದ್ದದ ನೂಲು. ಅತ್ತೆ ತಮ್ಮ ಹಳೆಯ ಸೀರೆಯೊಂದನ್ನು ಮಡಿಸಿ ಕಿಂಡಿಗೆ ಬಿಗಿಯಾಗಿ ತುರುಕಿದ್ದರು. ಒಮ್ಮೆ ತವರಿನ ದಾರಿಯಲ್ಲಿ, ಹನೂರು ದಾಟಿ ಏರು ಹತ್ತುವಾಗ ಮುಂದಿನ ಪರದೆಯಲ್ಲಿ ಕೆಂಪು ಗುರುತು ಹತ್ತಿಕೊಂಡಿತು. ನಿಲ್ಲಿಸಿ ಹುಡುಕಿದರೆ ಸೀರೆ, ಸೀರೆಯ ಹಿಂದೆ ರೇಷ್ಮೆ ನೂಲಿನ ಜುಂಗು. ಹಾಸಿನ ನೂಲಿಗೆ ಗಂಜಿ ಬಳಿಯುವ ಕುಂಚದಿಂದ ಅದನ್ನು ಕೆರೆದು ತೆಗೆದೆ. ಆಮೇಲಿಂದ ವಾರಕ್ಕೊಮ್ಮೆ ಕಿಂಡಿ ಒರೆಸುತ್ತೇನೆ, ಟೈರಿನ ಗಾಳಿ ನೋಡುತ್ತೇನೆ. ಮುಂದಿನ ಬಾನೆಟ್ಟಿನಡಿ ಬಿಸಿ ತಣಿಸುವ ನೀರಿನ ಬಾಟಲಿಗಳು ಎರಡಿವೆ, ಒಂದು ಎಂಜಿನ್ನಿಗೆ, ಒಂದು ಕರೆಂಟಿನ ಭಾಗಕ್ಕೆ. ಎರಡೂ ಗೆರೆಯ ಮಟ್ಟಕ್ಕಿವೆಯೇ ಎಂದು ಇಣುಕುತ್ತೇನೆ. ಮಗುವಿನ ಕಿವಿ ಮೂಗು ನೋಡಿದಷ್ಟೇ ಕೆಲಸ.

ಇನ್ನು ಕೀಲಿ. ಅದು ಕಿವಿ ಹಿಂಡಿ ತಿರುಗಿಸುವ ಕೀಲಿಯಲ್ಲ, ಸಾಬೂನಿನ ತುಂಡಿನಂಥದ್ದು. ಜೊತೆಗಿದ್ದರೆ ಸಾಕು, ಕಾರು ಗುರುತು ಹಿಡಿಯುತ್ತದೆ. ಹತ್ತಿರ ಹೋಗುತ್ತಿದ್ದ ಹಾಗೆ ಪಕ್ಕದ ಕನ್ನಡಿಯ ಅಡಿಯಲ್ಲಿ ಚಿಕ್ಕ ದೀಪ ಹತ್ತುತ್ತದೆ. ಮನೆಗೆ ಬಂದ ಹೊಸ ವಸ್ತು ರಾತ್ರಿ ದೇವರ ಪಾದದಲ್ಲಿ ಮಲಗಬೇಕು ಎಂಬುದು ಮಾವನವರ ಕಟ್ಟಳೆ; ಅವರ ಕಾಲದಲ್ಲಿ ಮಗ್ಗದ ಲಾಳಿ ಮಲಗುತ್ತಿತ್ತು, ಈಗ ಕೀಲಿ. ಸಂಜೆ ಅದನ್ನು ದೇವರಗೂಡಿನಲ್ಲಿಟ್ಟು, ವಿಭೂತಿ ಹಚ್ಚಿ, ಮಂಗಳಾರತಿಯ ಸುತ್ತ ಆಡಿಸಿ ಮತ್ತೆ ಅಲ್ಲೇ ಇಡುತ್ತಿದ್ದರು. ಬೆಳಿಗ್ಗೆ ಸ್ನಾನ ಮಾಡಿದವಳು ನಾನು ಹೋಗಿ ತೆಗೆದುಕೊಳ್ಳಬೇಕಿತ್ತು. ಮುಟ್ಟಾದ ದಿನಗಳಲ್ಲಿ ನಾನು ಮುಟ್ಟಿದ ಕೀಲಿ ಗೂಡಿಗೆ ಮರಳುವಂತಿರಲಿಲ್ಲ; ಆದ್ದರಿಂದ ಹಗಲು ಮಾವನವರ ಪೆಟ್ಟಿಗೆಯಲ್ಲಿ, ರಾತ್ರಿ ಗೂಡಿನಲ್ಲಿ, ಅಂತೂ ಕೀಲಿ ಒಳಗೆ, ನಾನು ಹೊರಗೆ, ಯಜಮಾನರು ಬಸ್ಸಿನಲ್ಲಿ. ಆ ಮೂರು ದಿನ ಅವರು ಕಿಟಕಿ ಪಕ್ಕ ಕೂತು ಬಹಳ ಖುಷಿಯಾಗಿ ಹೋಗಿ ಬರುತ್ತಿದ್ದರು.

ಕಾರು ನಿಲ್ಲುವುದೂ ಮಗ್ಗದ ಮನೆಯಲ್ಲೇ. ಮಾವನವರ ಮೊಣಕಾಲು ಸೋತ ಮೇಲೆ ಗುಂಡಿಮಗ್ಗ ಕಿತ್ತು, ಗುಂಡಿಯ ಮೇಲೆ ಕಲ್ಲುಚಪ್ಪಡಿ ಹಾಕಿಸಿದ್ದರು. ಚಪ್ಪಡಿಯ ಮೇಲೆ ಕಾರು, ಅದರ ಪಕ್ಕದ ಮೂಲೆಯಲ್ಲಿ ನನ್ನ ಚಾಪೆ. ಹಾಗಾಗಿ ತಿಂಗಳಿಗೆ ಮೂರು ದಿನ ನಾನೂ ಅದೂ ಮುಖಾಮುಖಿ.

ಇಷ್ಟೆಲ್ಲ ಹೇಳಿದ್ದು ಅವ್ವನಿಗಾಗಿ. ಅವ್ವ ಇರುವುದು ಹೂಗ್ಯಂನಲ್ಲಿ, ನನ್ನ ತಮ್ಮನ ಸಂಸಾರದ ಜೊತೆ. ಅಪ್ಪ ನೇಯ್ಗೆ ಬಿಟ್ಟು ಕಾಡಂಚಿನ ಆ ಊರಿನಲ್ಲಿ ಹೊಲ ಹಿಡಿದಿದ್ದರು. ಸಕ್ಕರೆ ಕಾಯಿಲೆ ಅವ್ವನ ಕಣ್ಣಿಗೆ ಇಳಿದು ಎಡಗಣ್ಣು ಹೋಗಿಯೇ ಬಿಟ್ಟಿತ್ತು. ಬಲಗಣ್ಣು ಉಳಿಯಬೇಕಾದರೆ ತಿಂಗಳಿಗೊಂದು ಇಂಜೆಕ್ಷನ್, ಅದೂ ನೇರ ಕಣ್ಣಿನೊಳಕ್ಕೆ. ಕೊಡುವ ಡಾಕ್ಟರು ಮೈಸೂರಿನಿಂದ ಕೊಳ್ಳೇಗಾಲಕ್ಕೆ ತಿಂಗಳಿಗೊಂದೇ ದಿನ ಬರುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಹೊರಟುಬಿಡುತ್ತಾರೆ. ತಪ್ಪಿದರೆ ಮುಂದಿನ ತಿಂಗಳು. ಅಷ್ಟರಲ್ಲಿ ಕಣ್ಣು ಎಷ್ಟು ಹೋಗುತ್ತದೋ ಅಷ್ಟು ಹೋಯಿತು, ಮರಳಿ ಬಂದರೂ ಬಂತು, ಇಲ್ಲದಿದ್ದರೆ ಇಲ್ಲ ಎಂದು ಅವರು ಮೊದಲೇ ಹೇಳಿದ್ದರು. ಬೆಳಗಿನ ಹೊತ್ತು ಆನೆ ಅಡ್ಡ ಬರುವ ಆ ದಾರಿಯಲ್ಲಿ ತಮ್ಮನ ಮೋಟರ್ ಬೈಕಿನ ಹಿಂದೆ ಕೂರಲು ಅವ್ವನಿಗೆ ಆಗದು. ಬಸ್ಸನ್ನು ನಂಬಿದರೆ ಡಾಕ್ಟರು ಸಿಗರು. ಹಾಗಾಗಿ ಆ ದಿನ ಬೆಳಗಾಗುವ ಮುಂಚೆ ನಾನು ಹೊರಟು, ಹನೂರು ದಾಟಿ ಹೂಗ್ಯಂ ಸೇರಿ, ಅವ್ವನನ್ನು ಕೂರಿಸಿಕೊಂಡು ಬರುತ್ತಿದ್ದೆ.

ಅವ್ವನಿಗೆ ಕಾರಿನಲ್ಲಿ ಇಷ್ಟವಾದದ್ದು ಆ ಚಿಕ್ಕ ದೀಪವೊಂದೇ. ಜಗಲಿಯ ಮೇಲೆ ನಿಂತು, ಹುಣಸೆ ಮರದ ನೆರಳಿನಲ್ಲಿ ನಿಲ್ಲಿಸಿದ ಕಾರಿನ ಕಡೆಗೆ ನನ್ನನ್ನು ಮುಂದೆ ಕಳಿಸಿ ನೋಡುತ್ತಿದ್ದಳು. ದೀಪ ಹತ್ತಿದೊಡನೆ ಮಗುವಿನ ಹಾಗೆ ನಗುವಳು. "ಅಗೋ, ಕಣ್ ಬುಟ್ತು! ನಿನ್ ಕಂಡ್ರೆ ಎಂಗ್ ಕಣ್ ಬುಡ್ತದೆ ನೋಡ್ ಕಣ್ಣು!" ತಮಿಳುಸೀಮೆಯ ಪಕ್ಕದಲ್ಲಿ ಬಾಳಿದವಳು, ನನ್ನನ್ನು ಕಣ್ಣು ಎಂದೇ ಕರೆಯುವುದು.

ಕಾರು ಮೊದಲ ಸಲ ಮುಷ್ಕರ ಹೂಡಿದ್ದು ಒಂದು ತಿಂಗಳು, ನನ್ನ ಮುಟ್ಟಿನ ನಾಲ್ಕನೆಯ ದಿನದ ಬೆಳಿಗ್ಗೆ. ತಲೆಗೆ ನೀರು ಹಾಕಿಕೊಂಡು, ಗೂಡಿನಿಂದ ಕೀಲಿ ತಂದು ಸ್ಟಾರ್ಟ್ ಗುಂಡಿ ಒತ್ತಿದರೆ ಪರದೆ ಕಪ್ಪಾಗಿಯೇ ಇತ್ತು. ಬಾಗಿಲನ್ನೂ ಆ ಸಾಬೂನಿನೊಳಗೆ ಅಡಗಿದ್ದ ಪುಟ್ಟ ಕಬ್ಬಿಣದ ಕೀಲಿಯಿಂದಲೇ ತೆರೆದಿದ್ದೆ. ಬೀದಿಯ ಗಂಡಸರೆಲ್ಲ ಸೇರಿದರು. ನಮ್ಮ ಕಡೆ ಯಾವ ಗಾಡಿ ಕೆಟ್ಟರೂ ಮದ್ದು ಒಂದೇ, ತಳ್ಳುವುದು. "ಇದನ್ನು ತಳ್ಳಿ ಸ್ಟಾರ್ಟ್ ಮಾಡಲು ಆಗುವುದಿಲ್ಲ" ಎಂದು ನಾನು ಅಂದದ್ದು ಯಾರ ಕಿವಿಗೂ ಬೀಳಲಿಲ್ಲ. ಲುಂಗಿ ಎತ್ತಿ ಕಟ್ಟಿ, ಐಸಾ ಅನ್ನುತ್ತ ತಳ್ಳಿಯೇ ತಳ್ಳಿದರು. ಕರೆಂಟಿಲ್ಲದಾಗ ಈ ಕಾರಿನ ಗಾಲಿ ಬೀಗ ಹಾಕಿಕೊಂಡು ಕೂತಿರುತ್ತದೆ, ಒಂದಿಂಚೂ ಅಲುಗಲಿಲ್ಲ. ಎಲ್ಲರೂ ಬೆವರು ಒರೆಸಿಕೊಂಡು ನಿಂತಾಗ ಮಾವನವರು ಮಗನ ಮುಖ ನೋಡಿ ತೀರ್ಪು ಕೊಟ್ಟರು.

"ಗುಂಡಿ ಇಡ್ಕಂಡದೆ ಕಣ್ಲಾ. ಮಗ್ಗ ಕಿತ್ತಾಕುದ್ರಿ, ಅದು ಬುಟ್ಟದಾ?"

ಹೈಬ್ರಿಡ್ಡಿನಲ್ಲಿ ಬ್ಯಾಟರಿ ಎರಡು. ಸೀಟಿನಡಿಯದು ದೊಡ್ಡದು, ಗಾಡಿ ಎಳೆಯುವುದು. ಡಿಕ್ಕಿಯ ತಳದಲ್ಲಿರುವುದು ಸಣ್ಣದು. ಅದರ ಕೆಲಸ ದೊಡ್ಡದನ್ನು ಎಬ್ಬಿಸುವುದಷ್ಟೇ. ದೊಡ್ಡದರ ಹೊಟ್ಟೆ ತುಂಬಿದ್ದರೂ ಸಣ್ಣದು ಸತ್ತರೆ ಗಾಡಿ ಏಳುವುದಿಲ್ಲ. ಬೆಳಿಗ್ಗೆ ಮನೆಯ ಗಂಡಸರನ್ನೆಲ್ಲ ಎಬ್ಬಿಸುವವಳು ನಾನಾದ್ದರಿಂದ ಈ ವ್ಯವಸ್ಥೆ ನನಗೆ ತಟ್ಟನೆ ಅರ್ಥವಾಯಿತು. ಮೆಕ್ಯಾನಿಕ್ ಬಂದು ಬೇರೆ ಗಾಡಿಯಿಂದ ತಂತಿ ಕೊಟ್ಟು ಎಬ್ಬಿಸಿ ಹೋದ. ಮರುತಿಂಗಳು ಮತ್ತೆ ಅದೇ ನಾಲ್ಕನೆಯ ದಿನ, ಅದೇ ಕಪ್ಪು ಪರದೆ. ಈ ಸಲ ಹೊಸ ಸಣ್ಣ ಬ್ಯಾಟರಿ ಹಾಕಿದ. ಅದರ ಮರುತಿಂಗಳು ಅದೂ ಸತ್ತಿತು.

"ಒಸಾ ಬ್ಯಾಟ್ರಿ ಕಣಕ್ಕಾ! ನಾನೇ ನನ್ ಕೈಯಾರ ಆಕಿವ್ನಿ. ಇದೆಂಗ್ ಸತ್ತೋಯ್ತು?" ಎಂದು ಅವನು ನನ್ನನ್ನೇ ಕೇಳಿದ. ಎಲ್ಲೋ ಕರೆಂಟು ಸೋರುತ್ತಿರಬೇಕು, ಮೈಸೂರಿಗೇ ತೆಗೆದುಕೊಂಡು ಹೋಗಿ ಎಂದು ಕೈ ತೊಳೆದುಕೊಂಡ.

ಅತ್ತೆ ತಮ್ಮ ಲೆಕ್ಕ ಮುಗಿಸಿದ್ದು ಆಗಲೇ. ನೀರಿನ ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಕಾರನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ನೀನ್ ಒರಗಾದಾಗ್ಲೇ ಇದೂ ಒರಗಾಯ್ತದೆ. ಎಣ್ ಗಾಡಿ ಕಣ್ ತಕ್ಕೋ" ಎಂದರು. ಬೀದಿಯ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ನನಗೆ ನಗು ಬರಲಿಲ್ಲ. ಆ ನಾಲ್ಕನೆಯ ದಿನ ಡಾಕ್ಟರು ಬರುವ ದಿನವಾಗಿತ್ತು.

ಅವ್ವ ಸೀರೆ ಉಟ್ಟು ಜಗಲಿಯ ಮೇಲೆ ಕಾದಳು. ನಾನು ಫೋನ್ ಮಾಡಿ, ತಮ್ಮ ಅವಳನ್ನು ಬಸ್ಸು ಹತ್ತಿಸಿ, ಹನೂರಿನಲ್ಲಿ ಇಳಿಸಿ, ಇನ್ನೊಂದು ಬಸ್ಸು ಹಿಡಿದು ಕರೆತರುವಷ್ಟರಲ್ಲಿ ಆಸ್ಪತ್ರೆಯ ಆಯಾ ಡಾಕ್ಟರ ಕೋಣೆ ಗುಡಿಸುತ್ತಿದ್ದಳು. ಅವ್ವ ಯಾರನ್ನೂ ದೂರಲಿಲ್ಲ. "ಓಗ್ಲಿ ಬುಡು, ಸೂಜಿ ತಪ್ತಲ್ಲ" ಎಂದು ನನಗೇ ಸಮಾಧಾನ ಹೇಳಿದಳು.

ಕೆಲವು ವಾರಗಳಾದ ಮೇಲೆ ಹೂಗ್ಯಂಗೆ ಹೋಗಿದ್ದೆ. ಹೊರಡುವಾಗ ಎಂದಿನಂತೆ ಅವ್ವ ಜಗಲಿಯ ಮೇಲೆ ಬಂದು ನಿಂತಳು. ನಾನು ಕೀಲಿ ಹಿಡಿದು ಕಾರಿನ ಹತ್ತಿರ ಹೋದೆ. ದೀಪ ಹತ್ತಿತು. ಅವಳ ನಗು ಕೇಳಿಸಲಿಲ್ಲ. ತಿರುಗಿ ನೋಡಿದರೆ ಕತ್ತು ಮುಂದೆ ಚಾಚಿ, ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದಿದ್ದಳು.

"ಇನ್ನೂ ಕಣ್ ಬುಡ್ನಿಲ್ವಾ?" ಎಂದಳು.

"ಇಲ್ಲವ್ವ, ಇವತ್ತು ಸ್ವಲ್ಪ ತಡ" ಎಂದು ಸುಳ್ಳು ಹೇಳಿ ಕಾರಿನೊಳಗೆ ಕೂತೆ. ಹನೂರಿನವರೆಗೆ ಅಳುತ್ತಲೇ ಓಡಿಸಿದೆ. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೂ ತಿಳಿಯಲಿಲ್ಲ. ಮೆಕ್ಯಾನಿಕ್ಕಿನ ಮೇಲೆ ಮಾಡಿದೆ, ಗುಂಡಿಯ ಮೇಲೆ ಮಾಡಿದೆ, ಕೊನೆಗೆ ಬ್ರೇಕ್ ಒತ್ತಿದಾಗಲೆಲ್ಲ ಕರೆಂಟು ತುಂಬಿಸಿಕೊಳ್ಳುವ ಆ ಜಾಣ ಕಾರಿನ ಮೇಲೇ ಮಾಡಿದೆ.

ಇತ್ತ ಮಾವನವರು ಕಾರಿಗೆ ಗಿರಾಕಿ ಹುಡುಕಿದ್ದರು. ಮುಳ್ಳೂರಿನ ಜಮೀನುದಾರರೊಬ್ಬರು, ಅನುಕೂಲಸ್ಥರು. ಮನೆಗೆ ಆಗಿಬರದ ವಸ್ತುವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ಮಾವನವರ ವಾದ. ಯಜಮಾನರು ಬಸ್ಸಿನ ಕಿಟಕಿಯನ್ನು ನೆನೆದು ಹೂಂಗುಟ್ಟಿದರು. ಗಿರಾಕಿ ಬರುವ ದಿನ ಗೊತ್ತಾಯಿತು. ಅದರ ಹಿಂದಿನ ದಿನ ಡಾಕ್ಟರು ಬರುವ ದಿನ. ಈ ಸಲ ತಪ್ಪಿಸುವುದಿಲ್ಲ ಎಂದು ನಾನು ಅವ್ವನಿಗೆ ಮಾತು ಕೊಟ್ಟಿದ್ದೆ. ನನ್ನ ಮೈ ಮಾತ್ರ ಯಾರ ಮಾತನ್ನೂ ಕೇಳುವುದಲ್ಲವಲ್ಲ. ಡಾಕ್ಟರ ದಿನಕ್ಕೆ ಎರಡು ದಿನವಿರುವಾಗ ಮುಟ್ಟಾದೆ. ಅಂದರೆ ಡಾಕ್ಟರು ಬರುವ ದಿನ ನನಗೆ ಮೂರನೆಯ ದಿನ. ಕೀಲಿ ಒಳಗೆ.

ಸಂಜೆಯಾದರೆ ಕಾರಿಗೆ ಬೆನ್ನು ಹಾಕಿ ಉರುಳಿಕೊಳ್ಳುತ್ತಿದ್ದವಳು, ಎರಡನೆಯ ದಿನ ಸಂಜೆ ಚಾಪೆಯ ಮೇಲೆ ಕೂತು ಕಾರಿನ ಮುಖ ನೋಡುತ್ತಿದ್ದೆ. ಗೋಡೆಯ ಆಚೆ ಗಂಟೆ ಬಾರಿಸಿತು, ಮಾವನವರ ಮಂಗಳಾರತಿ. ಕನ್ನಡಿಯಡಿಯ ದೀಪ ಹತ್ತಿತು.

ಹತ್ತಿರ ಯಾರೂ ಇರಲಿಲ್ಲ. ನಾನು ಕೂತಲ್ಲಿಂದ ಎದ್ದಿರಲಿಲ್ಲ. ದೀಪ ಆರಿತು. ಗೋಡೆಯ ಆಚೆ ಏನೋ ಇಟ್ಟ ಸದ್ದಾಯಿತು, ದೀಪ ಮತ್ತೆ ಹತ್ತಿತು. ನಾನು ಎದ್ದು ಗೋಡೆಗೆ ಕೈಯಿಟ್ಟು ನೋಡಿದೆ. ದೇವರಗೂಡನ್ನು ಕೊರೆದಿರುವುದು ಇದೇ ಗೋಡೆಯಲ್ಲಿ. ಗೂಡಿನ ಬೆನ್ನು ನನ್ನ ಅಂಗೈಯಷ್ಟೇ ದಪ್ಪ. ಅದರ ಆಚೆ ಕೀಲಿ, ಈಚೆ ಕಾರಿನ ಬಾಗಿಲು. ಒಡತಿ ಬಂದಳು, ಒಡತಿ ಬಂದಳು ಎಂದು ಕಾರು ರಾತ್ರಿಯಿಡೀ ಎಚ್ಚರವಾಗಿ ಕೂತಿರುತ್ತಿತ್ತು. ದಿನಾ ಯಳಂದೂರಿಗೆ ಹೋಗಿ ಬಂದರೆ ಕಳೆದುಕೊಂಡ ಕರೆಂಟನ್ನು ತುಂಬಿಸಿಕೊಳ್ಳುತ್ತಿತ್ತು. ನಾನು ಹೊರಗೆ ಕೂತರೆ ಅದೂ ನಿಂತಲ್ಲೇ ನಿಂತು, ಕಾದು ಕಾದು, ಸಣ್ಣ ಬ್ಯಾಟರಿ ಬರಿದಾಗಿ ಸಾಯುತ್ತಿತ್ತು. ದೇವರಮನೆಗೆ ಹೋಗಬಲ್ಲವರು ಯಾರೂ ಇದನ್ನು ಕಾಣುವಂತಿರಲಿಲ್ಲ. ಕಾಣಬೇಕಾದರೆ ಮಂಗಳಾರತಿಯ ಹೊತ್ತಿನಲ್ಲಿ ಮಗ್ಗದ ಮನೆಯ ಮೂಲೆಯಲ್ಲಿ ಕೂತಿರಬೇಕಿತ್ತು.

ಅತ್ತೆ ಊಟ ತಂದಾಗ ಹೇಳಿದೆ. ಅವರು ನಂಬಲಿಲ್ಲ, ಬೈಯಲೂ ಇಲ್ಲ. ತಟ್ಟೆಗೆ ಬಡಿಸಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬೀದಿಯ ತುದಿಯಿಂದ ಅವರ ಕೆಮ್ಮು ಕೇಳಿಸಿತು. ಕೀಲಿಯನ್ನೂ ಜೊತೆಗೇ ಒಯ್ದಿರಬೇಕು, ಹತ್ತಿಕೊಂಡೇ ಇದ್ದ ದೀಪ ಆರಿಹೋಗಿತ್ತು. ಕೆಮ್ಮು ಹತ್ತಿರವಾಯಿತು, ಮನೆಯೊಳಗೆ ಹೋಯಿತು, ದೇವರಮನೆ ಸೇರಿತು. ದೀಪ ಹತ್ತಿತು. ಬಾಗಿಲಿನಿಂದ ಇಣುಕಿದ ಅತ್ತೆಗೆ ನಾನು ದೀಪದತ್ತ ಕೈ ತೋರಿಸಿದೆ. ಅವರು ದೀಪ ನೋಡಿದರು, ಗೋಡೆ ನೋಡಿದರು, ಕೊನೆಗೆ ನಾನು ಕೂತ ಮೂಲೆಯನ್ನು ನೋಡಿದರು.

ಮಾವನವರಿಗೆ ಹೇಳುವುದು ಬೆಕ್ಕಿಗೆ ಗಂಟೆ ಕಟ್ಟಿದ ಹಾಗೆ. ಆದರೂ ನಾನೇ ಬಾಗಿಲ ಆಚೆ ನಿಂತು ಹೇಳಿದೆ. ಗಾಳಿಯಲ್ಲಿ ಹೋಗುವ ಸಂಕೇತ, ಬ್ಯಾಟರಿ, ಗೋಡೆಯ ದಪ್ಪ, ಎಲ್ಲವನ್ನೂ ಬಿಡಿಸಿ ಹೇಳಿದೆ. ಗೂಡಿನಿಂದ ತೆಗೆದು ಮುಂಬಾಗಿಲ ಮೊಳೆಗೆ ನೇತುಹಾಕಿದರೆ ಸಾಕು ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಕೀಲಿ ಗ್ವಾಡೆ ಆಚ್ಗೆ, ಕಾರು ಗ್ವಾಡೆ ಈಚ್ಗೆ, ಮಧ್ಯದಲ್ ದ್ಯಾವ್ರು. ದ್ಯಾವ್ರು ಬೆನ್ ಇಂದೆ ಅವೆಲ್ಡೂ ಮಾತಾಡ್ಕತವಾ?" ಎಂದರು. "ದ್ಯಾವ್ರ್ ಗೂಡಲ್ ಇಟ್ಟಿದ್ದು ಕೆಡ್ತು ಅಂತ ಈ ಮನೇಲಿ ಇನ್ನೊಂದಪ ಯಾರೂ ಅನ್ಬ್ಯಾಡಿ."

ಅಷ್ಟಕ್ಕೆ ವಿಜ್ಞಾನ ಮುಗಿಯಿತು. ನಾನು ಚಾಪೆಗೆ ಮರಳಿದೆ. ನಾಳೆ ಬೆಳಿಗ್ಗೆ ಗೂಡಿಗೆ ನಾನೇ ನುಗ್ಗಿ ಕೀಲಿ ಕಿತ್ತುಕೊಳ್ಳುತ್ತೇನೆ, ಆಗಿದ್ದಾಗಲಿ ಎಂದು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಅಷ್ಟರಲ್ಲಿ ಒಳಗಿನಿಂದ ಅತ್ತೆಯ ಧ್ವನಿ ಬಂತು. ಅವರು ಗಂಡನಿಗೆ ಅಷ್ಟು ಮೆತ್ತಗೆ ಏನನ್ನೂ ಹೇಳಿದ್ದನ್ನು ನಾನು ಕೇಳಿರಲಿಲ್ಲ.

"ಅವ್ಳು ಏನಾರ ಅನ್ಲಿ, ಬುಡಿ. ನಂಗೆ ಬ್ಯಾರೆ ಭಯ. ಈ ಕಾರು ತಿಂಗ್ಳು ತಿಂಗ್ಳು ಒರಗಾಯ್ತದೆ ಅಂತ ಬೀದಿಗೆಲ್ಲ ಗೊತ್ತು. ಒರಗಾಗೋ ಗಾಡಿ ಕೀಲಿನ ಮೂರ್ ದಿನಾನೂವೆ ದ್ಯಾವ್ರ್ ಪಾದ್ದಲ್ ಮಡಗಿ, ಮಂಗ್ಳಾರ್ತಿ ಬ್ಯಾರೆ ಎತ್ತೀರಿ. ಇಷ್ಟ್ ದಿವ್ಸ ಮೈಲಿಗೇಲೇ ಪೂಜೆ ಮಾಡುದ್ರಾ ಅಂತೀನಿ."

ಒಳಗೆ ಎದ್ದದ್ದು ಗಡಿಬಿಡಿ. ಬಿಂದಿಗೆ ಉರುಳಿತು, ಗಂಜಲ ಹುಡುಕಾಡಿದರು, ಗೂಡು ತೊಳೆದ ನೀರಿನ ಸದ್ದು ಕೇಳಿಸಿತು. ಮಾವನವರು ಒಲೆಯ ಇಕ್ಕಳದಲ್ಲಿ ಕೀಲಿ ಹಿಡಿದು, ಮೈಯಿಂದ ಮಾರು ದೂರ ಚಾಚಿಕೊಂಡು ಮಗ್ಗದ ಮನೆಯ ಬಾಗಿಲಿಗೆ ಬಂದರು. ವಿಭೂತಿ ಇನ್ನೂ ಅದರ ಹಣೆಯ ಮೇಲೆ ಇತ್ತು. "ಇನ್ಮೇಲಿಂದ ಇದು ದ್ಯಾವ್ರ್ ಮನೆ ಒಸ್ಲು ತುಳೀಕೂಡ್ದು" ಎಂದು ಅಂಗಳದಲ್ಲಿ ಹಾಕಿ, ಕೈ ತೊಳೆಯಲು ಹೋದರು. ಕೀಲಿಗೆ ಮುಂಬಾಗಿಲ ಆಚೆ, ಪೊರಕೆ ನೇತುಹಾಕುವ ಮೊಳೆಯೇ ಗತಿ ಎಂದು ತೀರ್ಮಾನವಾಯಿತು. ಕಾರಿನಿಂದ ಅದು ಸಾಕಷ್ಟು ದೂರ.

ಅತ್ತೆ ಕೀಲಿಯನ್ನು ಸೆರಗಿನಿಂದ ಒರೆಸಿ, ಎಂದಿನ ಹಾಗೆ ಮೇಲಿನಿಂದ ನನ್ನ ಮಡಿಲಿಗೆ ಹಾಕಿದರು. ಹೋಗಲು ತಿರುಗಿದವರು ನಿಂತರು.

"ನಾನೂ ಅದೇ ಮೂಲೇಲಿ ಕೂತಿವ್ನಿ ಕಣವ್ವ, ನಿನ್ಗಿಂತ ಜಾಸ್ತಿ ವರ್ಸ. ಆಗ ಎದ್ರುಗೆ ಮಗ್ಗ ಇತ್ತು. ನಿಮ್ಮಾವ ನೇಯೋರು, ನಾನ್ ಇವ್ನಿ ಅಂತ ಒಂದಪಾನೂ ಇತ್ಲಾಗ್ ತಿರುಗ್ನಿಲ್ಲ. ಓಗು, ಮಲ್ಕೊ. ಬೆಳಿಗ್ಗೆ ಎದ್ದು ನಿಮ್ಮವ್ವುನ್ನ ಕರ್ಕಬಾ."

ರಾತ್ರಿ ಆ ಮೊಳೆಗೇ ನೇತುಹಾಕಿ ಮಲಗಿದ್ದ ಕೀಲಿಯನ್ನು ಬೆಳಿಗ್ಗೆ ತಂದು ಸ್ಟಾರ್ಟ್ ಗುಂಡಿ ಒತ್ತಿದೆ. ಪರದೆ ಬೆಳಗಿತು. ಸದ್ದಿಲ್ಲದೆ ಕಳ್ಳಿಯ ಹಾಗೆ ಬೀದಿ ದಾಟಿದೆ. ಹೂಗ್ಯಂನಲ್ಲಿ ನಾನು ಯಾವ ದಿನದಲ್ಲಿದ್ದೇನೆ ಎಂದು ಯಾರೂ ಕೇಳುವುದಿಲ್ಲ. ಹೊಲದ ಕೆಲಸದವರಿಗೆ ಮೂರು ದಿನ ಮೂಲೆಯಲ್ಲಿ ಕೂರುವ ಭಾಗ್ಯವಿಲ್ಲ. ಡಾಕ್ಟರು ಬಂದಾಗ ಸಾಲಿನಲ್ಲಿ ಅವ್ವನೇ ಮೊದಲು ಕೂತಿದ್ದಳು.

ಮರುದಿನ ಮುಳ್ಳೂರಿನವರು ಬಂದರು. ಕಾರಿನ ಸುತ್ತ ಬಂದು, ಟೈರು ಒದ್ದು ನೋಡಿ, ಜಗಲಿಯ ಮೇಲೆ ಕೂತರು. ಕಾಫಿ ತಂದ ಅತ್ತೆ, ಕೊಳ್ಳುವವರಿಗೆ ಏನನ್ನೂ ಮುಚ್ಚಿಡಬಾರದು ಎಂದು, ಗಾಡಿಗೆ ತಿಂಗಳಿಗೊಮ್ಮೆ ಏನಾಗುತ್ತದೆ ಎಂಬುದನ್ನು ಬಹಳ ಸಂಕೋಚದಿಂದ ತಿಳಿಸಿದರು. ಅವರು ಲೋಟ ಕೆಳಗಿಟ್ಟು ಎದ್ದೇಬಿಟ್ಟರು.

"ಬ್ಯಾಡ ಕಣವ್ವ. ನಮ್ಮನೇಲೇ ಮೂರ್ ಜನ ಅವ್ರೆ. ಇದನ್ ಬ್ಯಾರೆ ಎಲ್ ಕೂರುಸ್ಲಿ?"

ಆಮೇಲೆ ಆ ಸುದ್ದಿ ಹನೂರಿನವರೆಗೂ ಹೋಗಿರಬೇಕು, ಇನ್ನೊಬ್ಬ ಗಿರಾಕಿ ಬರಲಿಲ್ಲ. ಕಾರು ಅಂದಿನಿಂದ ಒಮ್ಮೆಯೂ ಕೆಟ್ಟು ನಿಂತಿಲ್ಲ. ದೇವರಗೂಡು ತೊಳೆದದ್ದರ ಫಲ ಎಂದು ಮಾವನವರು ಬಂದವರಿಗೆಲ್ಲ ಹೇಳುತ್ತಾರೆ. ಮೆಕ್ಯಾನಿಕ್ ಅದು ತನ್ನ ಹೊಸ ಬ್ಯಾಟರಿಯ ಗುಣ ಅನ್ನುತ್ತಾನೆ. ನನಗೆ ಈಚೆಗೆ ವಯಸ್ಸಾಗಿ ಮುಟ್ಟು ನಿಂತಿದೆ. ಕಾರಿಗೆ ನಿಂತಿಲ್ಲ. ಎಲ್ಲಿ ಮಾವನವರು ಮರೆತು ಕೀಲಿಯನ್ನು ಮತ್ತೆ ಗೂಡಿಗೆ ಸೇರಿಸುತ್ತಾರೋ ಎಂದು, ಅತ್ತೆ ತಿಂಗಳು ತಿಂಗಳು ಬೀದಿಗೆ ಕೇಳುವ ಹಾಗೆ "ಇವತ್ತು ಕಾರು ಒರಗಾಯ್ತು" ಎಂದು ಸಾರುತ್ತಾರೆ. ಸಾರಿ, ನನ್ನ ಜೊತೆ ಮುಂದಿನ ಸೀಟಿನಲ್ಲಿ ಕೂತು ಹೂಗ್ಯಂಗೆ ಹೊರಡುತ್ತಾರೆ.

ನನ್ನ ಮನಸ್ಸಿನಲ್ಲಿ ಒಂದು ಮುಳ್ಳು ಮಾತ್ರ ಉಳಿದಿತ್ತು. ಆ ಇಂಜೆಕ್ಷನ್ನಿನ ನಂತರ ಅವ್ವ ಪ್ರತಿ ಸಲವೂ ಜಗಲಿಯ ಮೇಲಿನಿಂದ "ಅಗೋ, ಕಣ್ ಬುಟ್ತು" ಎಂದು ನಗುತ್ತಿದ್ದಳು. ನಾನು ಖುಷಿಪಡಲಿ ಎಂದು, ನಾನು ನಡೆದು ಹೋದಷ್ಟು ಹೊತ್ತು ಲೆಕ್ಕ ಹಾಕಿ ಹಾಗೆ ಅನ್ನುತ್ತಿದ್ದಾಳೋ ಏನೋ. ನನ್ನವ್ವ ಅಂಥವಳೇ. ಕೇಳಿದರೆ ನಿಜ ಹೇಳುವವಳಲ್ಲ. ಹೋದ ತಿಂಗಳು ನಾನು ಕೀಲಿಯನ್ನು ಮನೆಯೊಳಗೆ ಕೂತಿದ್ದ ಅತ್ತೆಯ ಕೈಗೆ ಗುಟ್ಟಾಗಿ ಕೊಟ್ಟು, ಬರಿಗೈ ಮುಚ್ಚಿ ಹಿಡಿದು, ಎಂದಿನ ಹಾಗೆ ಹುಣಸೆ ಮರದ ಕಡೆ ನಡೆದೆ. ಕಾರಿನ ಪಕ್ಕ ನಿಂತೆ. ದೀಪ ಹತ್ತಲಿಲ್ಲ. ಬೆನ್ನ ಹಿಂದೆ ಅವ್ವ ಏನನ್ನೂ ಹೇಳಲಿಲ್ಲ. ನಾನು ತಿರುಗಿ ನೋಡಲು ಹೆದರಿದೆ.

"ಕಣ್ಣು," ಎಂದು ಕೂಗಿದಳು ಅವ್ವ. "ಕಣ್ ಬುಡ್ನಿಲ್ವಲ್ಲ. ಕೀಲಿ ಎಲ್ ಬುಟ್ಬುಟ್ ಬಂದೆ?"